ಗಾಲಿಗೆ ಕೊಟ್ಟ ಕಲ್ಲು

ಸವದತ್ತಿಯ ಗುಡ್ಡಕ್ಕೆ ಹೋಗಿ ಬಂದ ದಿನದಿಂದ ಶಂಕರೆಪ್ಪ ಮಾಸ್ತರನ ಹಳೆಯ ಕಾರು ಮಾತಾಡಲು ಕಲಿತಿತ್ತು. ತಿರುವಿನಲ್ಲಿ ಒಂದು ಸಲ, ತಗ್ಗಿನಲ್ಲಿ ಎರಡು ಸಲ, ಹಲ್ಲು ಅಲುಗುವ ಮುದುಕ ಹುರಿಗಡಲೆ ಅಗಿದ ಹಾಗೆ ಹಿಂದಿನಿಂದ ಗಡಗಡ ಎನ್ನುತ್ತಿತ್ತು.

"ನೋಡ್ರಿ, ಇವತ್ತ ಐತವಾರ," ಎಂದಳು ಹೆಂಡತಿ ಮೀನಾ. "ನಾಕಕ್ಕ ರಾಮದುರ್ಗದಿಂದ ನಮ್ಮ ತಮ್ಮ ಕಾಂತೇಶ ಬರತಾನ. ಅಷ್ಟರಾಗ ಸಪ್ಪಳ ನಿಂತ್ರ ಗಾಡಿ ನಿಮ್ಮದು. ನಿಲ್ಲಲಿಲ್ಲಂದ್ರ ಅವ ತೊಗೊಂಡ ಹೋಗ್ಲಿ. ಹಾದ್ಯಾಗ ಗಾಲಿ ಕಳಚಿ ಹೋದ್ರ ಯಾರ ಹೊಣಿ?"

ಕಾಂತೇಶನಿಗೆ ಆ ಕಾರಿನ ಮೇಲೆ ಎರಡು ವರ್ಷದಿಂದ ಕಣ್ಣಿತ್ತು. ಆದರೂ ಮುರಗೋಡದ ಆ ಓಣಿಯಲ್ಲಿ, ನಾಲ್ಕು ಮಂದಿ ಕೇಳುವಾಗ, "ಆತು, ಹಂಗ ಆಗ್ಲಿ," ಎಂದುಬಿಟ್ಟ ಶಂಕರೆಪ್ಪ. ಮಾಸ್ತರ ಆಡಿದ ಮಾತನ್ನು ಒರೆಸಲು ಓಣಿಯಲ್ಲಿ ಡಸ್ಟರ್ ಇರಲಿಲ್ಲ.

ಊಟ ಮುಗಿಸಿ ಮೊಬೈಲಿನಲ್ಲಿ ಕಾರು ರಿಪೇರಿಯ ವಿಡಿಯೋವನ್ನು ಮೂರು ಸಲ ನೋಡಿದ. ನೆಲ ಸಮ ಇರಬೇಕು ಎಂದಿತ್ತು. ಮನೆಯ ಮುಂದೆ ಸ್ವಲ್ಪ ಇಳಿಜಾರು. ಗೇರಿನಲ್ಲಿ ಇರಬೇಕು ಎಂದಿತ್ತು, ಅದನ್ನು ಮರೆತ. ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುವ ಹ್ಯಾಂಡ್‌ಬ್ರೇಕ್ ಎಳೆದು, ಡಿಕ್ಕಿ ತೆಗೆದು, ಪಕ್ಕಕ್ಕೆ ಕಟ್ಟಿದ್ದ ಜಾಕು ಬಿಚ್ಚಿಕೊಂಡ. "ಮುಂದಿನ ಗಾಲಿಗೆ ಅಡ್ಡ ಕೊಡಾಕ ಎರಡ ಕಲ್ಲ ಬೇಕಾಗಿತ್ತಲ್ಲಾ," ಎಂದು ತನ್ನಷ್ಟಕ್ಕೆ ಗೊಣಗಿದ.

"ಕಲ್ಲಿಗೇನ ಬರ ಬಂದೈತ್ಯೋ ತಮ್ಮಾ," ಎಂದು ಪಕ್ಕದ ಮನೆಯ ಕೆಂಪವ್ವ ಎದ್ದಳು. ಎಪ್ಪತ್ತೈದರ ಜೀವ. ಹಾದಿಯಲ್ಲಿ ಕಲ್ಲು ಕಂಡರೆ ಬದಿಗಿಡದೆ ಮುಂದೆ ಹೋದವಳಲ್ಲ. ಹಿಂದೆ ಬರುವವರು ಎಡವಿದರೆ ಆ ಪಾಪ ಕಂಡವರಿಗೇ ಎಂದು ನಂಬಿದವಳು. ಗುಡ್ಡಕ್ಕೂ ಅದೇ ಕಾರಿನಲ್ಲಿ ಜೊತೆಗೆ ಬಂದಿದ್ದಳು. ಕಾರಿನ ಹಿಂದಕ್ಕೆ ಹೋಗಿ, ಸೆರಗಿನಲ್ಲಿ ಒರೆಸುತ್ತ ತಲೆಗಾತ್ರದ ಎರಡು ಕೆಂಪು ಕಲ್ಲು ತಂದು ಮುಂದಿನ ಗಾಲಿಗಳಿಗೆ ಕೊಟ್ಟಳು. ಮುರಗೋಡದಲ್ಲಿ ಅಂಥ ಕೆಂಪು ಕಲ್ಲನ್ನು ಶಂಕರೆಪ್ಪ ನೋಡಿರಲಿಲ್ಲ. ಆದರೆ ಗಂಟೆ ಎರಡೂವರೆಯಾಗಿತ್ತು. ಕಲ್ಲಿನ ಬಣ್ಣ ಯಾರಿಗೆ ಬೇಕು?

ಹಿಂದಿನ ಬದಿಗೆ ಜಾಕು ಕೊಟ್ಟು ತಿರುವಿದ. ಕಾರು ಎಮ್ಮೆ ಏಳುವ ಹಾಗೆ ಹಿಂಬದಿಯಿಂದ ಎದ್ದಿತು. ಕೆಳಗೆ ನಾಲ್ಕು ಇಟ್ಟಿಗೆ ಪೇರಿಸಿ ತಲೆ ತೂರಿಸಬೇಕು ಎನ್ನುವಾಗ ಎದುರು ಕಟ್ಟೆಯಿಂದ ಕೆಮ್ಮು ಕೇಳಿತು. ಅರವತ್ತು ವರ್ಷ ಚಕ್ಕಡಿ ಹೊಡೆದ ಮುದಕಪ್ಪ.

"ಮಾಸ್ತರ, ಇಟ್ಟಿಗಿ ನಂಬಿ ತಲಿ ಇಡತೀಯೇನು? ಗಾಡೀ ವಜ್ಜಿ ಬಿದ್ರ ಹಪ್ಪಳಾಗತೈತಿ."

"ಜಾಕ್ ಐತಲ್ಲ ಕಾಕಾ."

"ಜಾಕ್ ಎತ್ತಾಕ. ಹೊರಾಕ ಅಲ್ಲ. ಕೀಲೆಣ್ಣಿ ಹಾಕುವಾಗ ಕಟ್ಟಿಗಿ ಕೊಡದ ನಾ ಎಂದೂ ಚಕ್ಕಡಿ ಕೆಳಗ ಕೈ ಹಾಕಿಲ್ಲ. ಅದಕ್ಕ ಹತ್ತೂ ಬೆರಳ ಅದಾವ, ಎಣಸು."

ಮುದುಕ ಬಿಡಲಿಲ್ಲ. ಒಳಗಿನಿಂದ ಜಾಲಿಯ ಎರಡು ಅಗಲವಾದ ದಿಮ್ಮಿ ತಂದು, ತಾನೇ ಮಣಕಾಲೂರಿ, ಕಾರಿನ ಗಟ್ಟಿ ಚೌಕಟ್ಟಿನ ಕೆಳಗೆ ಒಂದರ ಮೇಲೊಂದು ಅಡ್ಡಡ್ಡ ಕೂರಿಸಿದ. ಹತ್ತು ನಿಮಿಷ ಹೋಯಿತು ಎಂದು ಶಂಕರೆಪ್ಪ ಒಳಗೊಳಗೇ ಕುದಿದ.

ಕೆಳಗೆ ಕತ್ತಲು, ಎಣ್ಣೆಯ ವಾಸನೆ. ಟಾರ್ಚು ಹಿಡಿದು ನೋಡಿದರೆ ಸೈಲೆನ್ಸರಿನ ಪಟ್ಟಿ ಸ್ವಲ್ಪ ಸಡಿಲ. ಕಳ್ಳ ಸಿಕ್ಕ! ಪಾನಾ ಹಾಕಿ ನಟ್ಟು ಬಿಗಿದ. ಇನ್ನೊಂದು ಸುತ್ತು ಎನ್ನುವಾಗ ಓಣಿಯಲ್ಲಿ ನೀರು ತರುವ ಹುಡುಗಿಯ ಕೊಡ ಉರುಳಿದ ಸದ್ದು, ನೀರು ಚೆಲ್ಲಿದ ಸದ್ದು.

"ಎಡವಿದೇನ ಬೇ ರಾಣಿ? ಪೆಟ್ಟ ಹತ್ತೇತೇನು? ಈ ಕಲ್ಲ ಹಾದ್ಯಾಗ ಬಂದಾವ ನೋಡು," ಎಂದಿತು ಕೆಂಪವ್ವನ ದನಿ.

ಕಾರಿನ ಕೆಳಗಿನಿಂದ ಶಂಕರೆಪ್ಪನಿಗೆ ಅವಳ ಪಾದಗಳಷ್ಟೇ ಕಂಡವು. ಅವು ಮುಂದಿನ ಗಾಲಿಯ ಹತ್ತಿರ ಬಂದು ನಿಂತವು. ಸುಕ್ಕುಗಟ್ಟಿದ ಎರಡು ಕೈ ಕೆಳಗಿಳಿದು ಒಂದು ಕಲ್ಲನ್ನು ಮೆಲ್ಲಗೆ, ಕೂಸನ್ನು ಎತ್ತುವ ಹಾಗೆ, ಎತ್ತಿದವು.

"ಯವ್ವಾ, ಬ್ಯಾಡ," ಎಂದ. ಕಾರಿನ ಕೆಳಗಿನ ಆ ಮಾತು ಅವಳ ಕಿವಿ ಮುಟ್ಟಲಿಲ್ಲ.

ಪಾದಗಳು ಇನ್ನೊಂದು ಗಾಲಿಯತ್ತ ನಡೆದವು. ಎರಡನೇ ಕಲ್ಲೂ ಎದ್ದಿತು.

ಕಾರು ಒಂದು ಉಸಿರು ಬಿಟ್ಟಿತು. ಬೆರಳಿನಷ್ಟು ಮುಂದೆ ಸರಿಯಿತು. ಜಾಕು ವಾಲಿತು, ಇನ್ನಷ್ಟು ವಾಲಿತು, ಠಣ್ಣೆಂದು ಬಿತ್ತು. ಆಮೇಲೆ ಇಡೀ ಕಾರು ಅವನ ಮುಖದ ಕಡೆಗೆ ಇಳಿದು ಬಂತು.

ಕಣ್ಣು ಬಿಟ್ಟಾಗ ಮೂಗಿಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು ಉಳಿದಿತ್ತು. ಜಾಲಿ ದಿಮ್ಮಿ ನರಳುತ್ತ ಕಾರನ್ನು ಹೊತ್ತು ನಿಂತಿತ್ತು.

"ಅಲ್ಲಾಡಬ್ಯಾಡ," ಎಂದ ಮುದಕಪ್ಪ, ಹೋರಿಗೆ ಹೇಳುವಷ್ಟು ಮೆತ್ತಗೆ. "ಕೆಂಪಕ್ಕ, ಆ ಕಲ್ಲ ಎಲ್ಲಿದ್ದುವು ಅಲ್ಲೇ ಇಡು." ಕಲ್ಲು ಗಾಲಿಗೆ ಕೂತ ಮೇಲೆ ಕಾಲು ಹಿಡಿದು ಮಾಸ್ತರನನ್ನು ಹೊರಗೆ ಎಳೆದ.

ಕೆಂಪವ್ವ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿ, ಬೆಲ್ಲ ನೀರು ಕುಡಿಸಿದಳು.

ಮತ್ತೆ ಜಾಕು ಕೊಟ್ಟು, ದಿಮ್ಮಿ ತೆಗೆದು, ಕಾರು ಇಳಿಸಿದರು. ಜಾಕು, ಪಾನಾ, ಕಲ್ಲು ಎಲ್ಲ ಕಟ್ಟೆಯ ಮೇಲಿಟ್ಟು ಮಾಸ್ತರ ಮಠದ ತನಕ ಹೋಗಿ ಬಂದ. ತಿರುವಿನಲ್ಲಿ ಸದ್ದಿಲ್ಲ. ತಗ್ಗಿನಲ್ಲೂ ಇಲ್ಲ. ಮೀನಾ ಖುಷಿಯಿಂದ ಚುರುಮುರಿ ಗಿರ್ಮಿಟ್ ಕಲಸಿ ಓಣಿಗೆಲ್ಲ ಹಂಚಿದಳು. "ನೀ ಭಾಳ ದಣದೀದಿ, ಕುಂದರು," ಎಂದು ಕೆಂಪವ್ವ ಜಾಕು, ಪಾನಾ ಮೊದಲಿನ ಹಾಗೆ ಪಕ್ಕಕ್ಕೆ ಕಟ್ಟಿ, ಕಟ್ಟೆಯ ಮೇಲಿನ ಉಳಿದ ಸಾಮಾನನ್ನೆಲ್ಲ ಡಿಕ್ಕಿಗೆ ಸೇರಿಸಿ ಮುಚ್ಚಿದಳು.

ಸರಿಯಾಗಿ ನಾಲ್ಕಕ್ಕೆ ಕಾಂತೇಶ ಬಂದ. "ಬಾರೋ, ಒಂದ ಸುತ್ತ ಹಾಕಿಸ್ತೇನಿ," ಎಂದು ಶಂಕರೆಪ್ಪ ಬಾಗಿಲು ತೆರೆದ, ಮದುವೆ ಗಂಡಿನ ಗತ್ತಿನಲ್ಲಿ.

ಮಠದ ತಿರುವು ಬಂತು.

ಗಡಗಡ.

"ಮಾಮಾ," ಎಂದ ಕಾಂತೇಶ ಹಲ್ಲು ಕಿರಿದು, "ಮಾತ ಅಂದ್ರ ಮಾತ ಹೌದಲ್ರೀ?"

ಓಣಿಯ ಮುಂದೆಯೇ ಕೀಲಿಕೈ ಕೈ ಬದಲಾಯಿತು. ಕಾಂತೇಶ ಸ್ಟಾರ್ಟ್ ಮಾಡುವಷ್ಟರಲ್ಲಿ, "ತಡಿಯೋ ತಮ್ಮಾ," ಎಂದು ಕೆಂಪವ್ವ ಓಡೋಡಿ ಬಂದು ಡಿಕ್ಕಿ ತೆಗೆಸಿದಳು. ಒಳಗಿನಿಂದ ಎರಡು ಕೆಂಪು ಕಲ್ಲು ಎತ್ತಿ ತಂದು ಶಂಕರೆಪ್ಪನ ಕಾಲ ಬಳಿ ಇಟ್ಟಳು.

"ಗುಡ್ಡದ ಮ್ಯಾಲ ಗಾಡಿ ಜಾರಬಾರದಂತ ನಾನ ಇವನ್ನ ಗಾಲಿಗೆ ಕೊಟ್ಟಿದ್ದೆ. ಹಾದ್ಯಾಗ ಬಿಟ್ರ ಯಾರರ ಎಡವತಾರಂತ ಡಿಕ್ಯಾಗ ಗೋಣಿಚೀಲದ ಕೆಳಗ ಹಾಕ್ಕೊಂಡ ಬಂದಿದ್ದೆ. ಗಾಡಿ ಅಂತೂ ಹೋತು, ಕಲ್ಲರ ಇರ್ಲಿ ನಿನಗ."

ಶಂಕರೆಪ್ಪ ಕಲ್ಲು ನೋಡಿದ. ಕಾರು ನೋಡಿದ. ಅದು ಓಣಿ ಇಳಿದು, ತಗ್ಗು ದಾಟಿ, ತಿರುವಿನಲ್ಲಿ ಹೊರಳಿತು. ಬೆಣ್ಣೆಯಲ್ಲಿ ಹಾಯ್ದ ಕೂದಲಿನ ಹಾಗೆ.

ಕೆಂಪವ್ವ ಕಿವಿಗೊಟ್ಟು ಕೇಳಿ, ಪ್ರೀತಿಯಿಂದ ಅವನ ಬೆನ್ನು ಸವರಿದಳು.

"ಸಪ್ಪಳ ಐತೇನ ನೋಡು. ಎಷ್ಟ ಛಲೋ ರಿಪೇರಿ ಮಾಡೀದಿ."