ನಮ್ಮ ಮನೆಯ ವಿಮಾನದ ಎಡಗಾಲು

ನಮ್ಮ ಮನೆಯ ವಿಮಾನ ಇವತ್ತು ಬೆಳಿಗ್ಗೆ ತನ್ನ ಕಾಲ ಮೇಲೆ ತಾನೇ ನಿಂತಿತು! ಯಾರೂ ಹಿಡಿದುಕೊಂಡಿಲ್ಲ, ಗೋಡೆಗೆ ಆನಿಸಿಲ್ಲ, ಹೊಟ್ಟೆಯ ಕೆಳಗೆ ಬೆಂಕಿಪೊಟ್ಟಣ ಇಟ್ಟಿಲ್ಲ. ಸುಮ್ಮನೆ ನಿಂತಿತು. ನಮ್ಮ ಮಗ ಈರಪ್ಪ ಕೂಸಾಗಿದ್ದಾಗ ಮೊದಲ ಸಲ ಗೋಡೆ ಬಿಟ್ಟು ನಿಂತದ್ದಕ್ಕೂ ನಾನು ಇಷ್ಟು ಕೂಗಿರಲಿಲ್ಲ ಎಂದು ನಮ್ಮಾಕೆ ಶಂಕ್ರವ್ವ ಹೇಳುತ್ತಾಳೆ. ಖರೆ. ಆಗ ನಾನು ಮಗ್ಗದ ಮೇಲೆ ಕೂತಿದ್ದೆ, ಮಗ ನಿಂತದ್ದನ್ನು ನೋಡಲು ಎದ್ದುಬರುವಷ್ಟು ಪುರುಸೊತ್ತು ಇರಲಿಲ್ಲ. ಈಗ ಪುರುಸೊತ್ತೇ ಪುರುಸೊತ್ತು. ನನ್ನ ಕೂಗು ಕೇಳಿ ಪಕ್ಕದ ಮನೆಯವರು ಯಾರೋ ಬಿದ್ದರೆಂದು ಓಡಿಬಂದರು. ಬಿದ್ದದ್ದಲ್ಲ, ನಿಂತದ್ದು ಎಂದು ಹೇಳಿ ಕೈಗೆ ಬೆಲ್ಲ ಕೊಟ್ಟು ಕಳಿಸಿದೆ.

ವಿಮಾನ ಎಂದಕೂಡಲೇ ನೀವು ಆಕಾಶ ನೋಡಬೇಡಿ. ನಮ್ಮದು ಅಂಗೈಯಲ್ಲಿ ಕೂರುವ ವಿಮಾನ. ಹಳೆಯ ಕಾಲದ ಯುದ್ಧವಿಮಾನದ ತದ್ರೂಪು, ಮೂಗಿನ ಮೇಲೊಂದು ಫ್ಯಾನು. ಒಂಬತ್ತನೇ ತರಗತಿಯ ನಮ್ಮ ಮೊಮ್ಮಗಳು ಅಕ್ಷತಾ ಅದನ್ನು ಕಟ್ಟಿದ್ದಾಳೆ. ಹುಬ್ಬಳ್ಳಿಯ ಅವಳ ಸೋದರಮಾವ ಹುಟ್ಟುಹಬ್ಬಕ್ಕೆಂದು ಒಂದು ಡಬ್ಬಿ ಕಳಿಸಿದ್ದ. ತೆಗೆದು ನೋಡಿದರೆ ಒಳಗೆ ವಿಮಾನವೇ ಇಲ್ಲ. ಪ್ಲಾಸ್ಟಿಕ್ಕಿನ ಕಡ್ಡಿಗಳಿಗೆ ಜೋತುಬಿದ್ದ ಚೂರುಗಳು, ಒಂದು ಚಿತ್ರದ ಹಾಳೆ, ಅಷ್ಟೇ. ಮಾವ ಮೋಸಹೋದ ಎಂದು ನಾನು ಮರುಗಿದೆ. ಆಗ ಅಕ್ಷತಾ ತಿಳಿಸಿ ಹೇಳಿದಳು, "ಅಜ್ಜಾ, ಇದನ್ನ ನಾವ ಕೂಡಿಸಬೇಕು. ಖರೇ ವಿಮಾನಾನ ಎಪ್ಪತ್ತೆರಡು ಪಾಲು ಮಾಡಿದ್ರ ಅದರಾಗಿಂದು ಒಂದು ಪಾಲಿನಷ್ಟು ಉದ್ದ ಇದು." ನಾನು ನಾಲ್ಕನೇ ತರಗತಿಯವರೆಗೆ ಕಲಿತವನು. ಅದಕ್ಕಿಂತ ಹೆಚ್ಚು, ಅಣ್ಣತಮ್ಮಂದಿರು ಬೇರೆಯಾಗುವುದನ್ನು ನೋಡುತ್ತ ಬೆಳೆದವನು. "ಉಳಿದ ಎಪ್ಪತ್ತೊಂದು ಪಾಲು ಯಾರಿಗೆ ಹೋದ್ವು?" ಎಂದು ಕೇಳಿದೆ. ಅವಳು ಹಣೆ ಬಡಿದುಕೊಂಡಳು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಅಕ್ಷತಾ ಬಂಗಾರದಂಥ ಹುಡುಗಿ, ಆದರೆ ಹಿಡಿದದ್ದನ್ನು ಮುಗಿಸಿದವಳಲ್ಲ. ಹಾರ್ಮೋನಿಯಂ ಕಲಿಯುತ್ತೇನೆಂದಳು, ಮೂರು ಸ್ವರಕ್ಕೆ ಬಿಟ್ಟಳು. ಕಸೂತಿ ಹಿಡಿದಳು, ಅರ್ಧ ನವಿಲು ಇನ್ನೂ ಪೆಟ್ಟಿಗೆಯಲ್ಲಿ ಬಾಲಕ್ಕಾಗಿ ಕಾಯುತ್ತಿದೆ. ಅಂಥವಳು ಈ ವಿಮಾನದ ಮುಂದೆ ಪ್ರತಿ ರವಿವಾರ ಕೂತಳು. ಅಕ್ಕಿಕಾಳಿನಂಥ ಚೂರನ್ನು ಉಸಿರು ಬಿಗಿಹಿಡಿದು ಅಂಟಿಸುವಳು, ಒಣಗುವ ತನಕ ಕಣ್ಣು ಮಿಟುಕಿಸದೆ ಕಾಯುವಳು. ಗಜೇಂದ್ರಗಡದಲ್ಲಿ ನಲವತ್ತು ವರ್ಷ ಸೀರೆ ನೇಯ್ದ ನನ್ನ ಕೈ ಅವಳಿಗೆ ಬಂದಿದೆ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಗೊಂದು ದಿನ ವಿಮಾನ ಮುಗಿಯಿತು. ಅವಳು ಹುಟ್ಟಿದ ಮೇಲೆ ಪೂರ್ತಿ ಮುಗಿಸಿದ ಮೊದಲ ಕೆಲಸ ಅದು. ಮರುದಿನ ಅವಳು ಶಾಲೆಗೆ ಹೋದಳು. ಇಲ್ಲಿಂದ ಮುಂದಿನದೆಲ್ಲ ನನ್ನ ತಪ್ಪು.

ನೀವೇ ಹೇಳಿ, ಮನೆಗೆ ಹೊಸ ಗಾಡಿ ಬಂದರೆ ಪೂಜೆ ಮಾಡದೆ ಬಿಡುತ್ತೇವೆಯೇ? ಸೈಕಲ್ಲಿಗೆ ಮಾಡಿದ್ದೇವೆ, ಮಗನ ಬೈಕಿಗೆ ಮಾಡಿದ್ದೇವೆ, ಹಿಟ್ಟಿನ ಗಿರಣಿಗೂ ಮಾಡಿದ್ದೇವೆ. ವಿಮಾನಕ್ಕೆ ಮಾಡದಿದ್ದರೆ ಅದಕ್ಕೆ ಅವಮಾನವಲ್ಲವೇ? ಶಂಕ್ರವ್ವ ಮೂಗಿಗೆ ವಿಭೂತಿ ಹಚ್ಚಿದಳು, ರೆಕ್ಕೆಗೆ ಕುಂಕುಮ ಇಟ್ಟಳು, ಬಾಲಕ್ಕೊಂದು ಸೇವಂತಿಗೆ ಎಸಳು ಏರಿಸಿದಳು. ಇನ್ನು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಹಾಯಿಸಬೇಕು. ನಿಂಬೆಹಣ್ಣು ಇಟ್ಟೆವು. ವಿಮಾನ ಗುಡ್ಡದ ಮುಂದೆ ನಿಂತ ಕುರಿಯ ಹಾಗೆ ಕಂಡಿತು. ಗಾಲಿ ಇದ್ದದ್ದು ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು.

"ಬಾರಿಹಣ್ಣು ಇಡ್ರಿ," ಎಂದಳು ಶಂಕ್ರವ್ವ.

"ಅದೂ ದೊಡ್ಡದಾತು."

"ಹಂಗಾದ್ರ ನಿಂಬಿಹಣ್ಣಿನ ಬೀಜ ಇಡ್ರಿ. ದೇವರು ಬೀಜದಾಗೂ ಅದಾನ."

ದೇವರು ಇದ್ದನೋ ಇಲ್ಲವೋ, ಬೀಜ ಗಟ್ಟಿಯಾಗಿತ್ತು. ಎಡಗಾಲಿಯ ಕೆಳಗೆ ಬೀಜ ಇಟ್ಟು, ಬೆನ್ನಿನ ಮೇಲೆ ಬೆರಳಿಟ್ಟು, ಮುಂದೆ ನೂಕಿದೆ. ಕಟಕ್ ಎಂದಿತು. ಗಾಲಿ ಒಂದು ಕಡೆ ಉರುಳಿತು, ಅದನ್ನು ಹೊತ್ತಿದ್ದ ಕಾಲು ಹಾರಿ ನೆಲದ ಫರಸಿಕಲ್ಲುಗಳ ಸಂದಿಯಲ್ಲಿ ಮಾಯವಾಯಿತು. ನಾವಿಬ್ಬರೂ ಮಂಡಿಯೂರಿ ಹುಡುಕಿದೆವು. ಹಿಂದೆ ಕಳೆದಿದ್ದ ಶಂಕ್ರವ್ವನ ಮೂಗುಬೊಟ್ಟು ಸಿಕ್ಕಿತು, ವಿಮಾನದ ಕಾಲು ಸಿಗಲಿಲ್ಲ.

ಅಕ್ಷತಾ ಬಂದು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. "ಇರ್ಲಿ ಬಿಡಜ್ಜಾ," ಎಂದು ವಿಮಾನವನ್ನು ಡಬ್ಬಿಯಲ್ಲಿಟ್ಟು, ಗಾಲಿಯನ್ನೂ ಜೊತೆಗಿಟ್ಟು, ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಏರಿಸಿದಳು. ಮುಂದಿನ ರವಿವಾರ ಅದನ್ನು ಇಳಿಸಲಿಲ್ಲ. ಅದರ ಮುಂದಿನ ರವಿವಾರವೂ ಇಲ್ಲ. ಅವಳ ತಾಯಿ ರೇಣುಕಾ ಕೇಳಿದರೆ, "ಸಾಕವ್ವಾ, ಇನ್ನ ಅದು ಬ್ಯಾಡ," ಎಂದಳಂತೆ. ಬೈದಿದ್ದರೆ ನಾನು ಉಂಡು ಮಲಗುತ್ತಿದ್ದೆ. ಆ "ಇರ್ಲಿ ಬಿಡಜ್ಜಾ" ನನ್ನನ್ನು ಮಲಗಗೊಡಲಿಲ್ಲ. ಹುಡುಗಿ ಮುಗಿಸಿದ ಒಂದೇ ಒಂದು ಕೆಲಸವನ್ನು ಅಜ್ಜನಾದವನು ಮುರಿದನಲ್ಲ! ಆ ಡಬ್ಬಿ ಕೆಳಗೆ ಇಳಿಯದಿದ್ದರೆ ಇನ್ನು ಅವಳು ಯಾವುದನ್ನೂ ಮುಗಿಸುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತು.

ಹಾಗಾಗಿ ನಾನು ಖರೀದಿಗೆ ಹೊರಟೆ. ವಿಮಾನದ ಸಾಮಾನು ಕೇಳಿಕೊಂಡು ಪೇಟೆಗೆ ಹೋದವನು ಗಜೇಂದ್ರಗಡದಲ್ಲಿ ನಾನೇ ಮೊದಲಿಗನಿರಬೇಕು. ಬಣ್ಣದ ಅಂಗಡಿಯಲ್ಲಿ ನಿಂತು, "ವಿಮಾನಕ್ಕ ಹಚ್ಚೂ ಬಣ್ಣ ಕೊಡ್ರಿ," ಎಂದೆ. ಅಂಗಡಿಯವನು ನನ್ನ ಮುಖವನ್ನು ಒಮ್ಮೆ, ರಸ್ತೆಯನ್ನು ಒಮ್ಮೆ ನೋಡಿದ. "ಎಲ್ಲಿ ನಿಲ್ಲಿಸಿ ಬಂದಿರಿ ಕಾಕಾ?" ಎಂದ. ಅಳತೆ ತೋರಿಸಿದ ಮೇಲೆ ಬಾಗಿಲಿಗೆ ಹಚ್ಚುವ ಬಣ್ಣದ ಅತಿ ಸಣ್ಣ ಡಬ್ಬಿ ಕೊಟ್ಟ. ಅದರಲ್ಲಿ ನಮ್ಮ ವಿಮಾನವನ್ನು ಮುಳುಗಿಸಿ ತೆಗೆಯಬಹುದಿತ್ತು. ತಿಕ್ಕುವ ಕಾಗದ ಕೊಟ್ಟ. ಒಂದೇ ಹನಿಗೆ ಹಿಡಿಯುವ ಅಂಟು ಕೊಟ್ಟು, "ಕೈಗೆ ಹತ್ತಿಸಿಕೊಂಡೀರಿ, ಹುಷಾರು," ಎಂದ. ಹಾಗೆ ಹೇಳಿದ ಮೇಲೆ ನೋಡದೆ ಇರಲಾದೀತೇ? ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹನಿ ಹಾಕಿ ನೋಡಿದೆ. ಅಂಟು ಒಳ್ಳೆಯ ಮಾಲು.

ಬೆರಳು ಬಿಡಿಸಲು ಹೊತ್ತಿಲ್ಲ, ಚಿಮಟ ತರಲು ಹೋಗಬೇಕಿದ್ದ ರೋಣದ ಬಸ್ಸು ಬಂದಿತ್ತು. ಎರಡು ಬೆರಳು ಕೂಡಿಸಿ, ಮೂರು ಬೆರಳು ನೆಟ್ಟಗೆ ಮಾಡಿ ಹತ್ತಿದೆ. ಹೆಗಲ ಮೇಲೆ ಕಾವಿ ಬಣ್ಣದ ವಲ್ಲಿ ಬೇರೆ ಇತ್ತು. ಸೂಡಿಯಲ್ಲಿ ಹತ್ತಿದ ಒಬ್ಬ ಹೆಣ್ಣುಮಗಳು ನನ್ನ ಕೈ ನೋಡಿದವಳೇ ತಲೆಯ ಮೇಲೆ ಸೆರಗು ಹೊದ್ದು, "ಅಪ್ಪಾರ, ಯಾವ ಮಠ ರೀ?" ಎಂದಳು. ನಾನು ಸುಳ್ಳು ಹೇಳುವವನಲ್ಲ, ಆದರೆ ಬಾಯಿ ಬಿಟ್ಟು ಹೇಳಲೂ ಇಲ್ಲ. ಅವಳು ಮಗಳ ಮದುವೆ ಕೂಡಿಬರಲೆಂದು ಕೇಳಿಕೊಂಡಳು. "ಆಗ್ತೈತಿ ತಾಯಿ," ಎಂದೆ. ಅಷ್ಟು ಗಟ್ಟಿಯಾಗಿ ಕೂಡಿದ್ದನ್ನು ಆಗಷ್ಟೇ ಅನುಭವಿಸಿದ್ದೆನಲ್ಲ.

ರೋಣದಲ್ಲಿ ಬಂಗಾರದ ಕೆಲಸ ಮಾಡುವ ಪರಿಚಯದ ಪತ್ತಾರ ಒಬ್ಬನಿದ್ದಾನೆ. ಅವನು ಮೊದಲು ಬಿಸಿನೀರಲ್ಲಿ ನನ್ನ ಬೆರಳು ಬಿಡಿಸಿದ, ಆಮೇಲೆ ಬಂಗಾರದ ಗುಂಡು ಎತ್ತುವ ಸಣ್ಣ ಚಿಮಟ ಕೊಟ್ಟ. ಕಣ್ಣಿಗಿಟ್ಟು ನೋಡುವ ಭೂತಗನ್ನಡಿ ನರಗುಂದದಲ್ಲಿ ಸಿಗುತ್ತದೆ ಎಂದ. ನರಗುಂದದ ಬಸ್ಸು ಹಿಡಿದೆ. ಅಲ್ಲಿ ನನ್ನ ವಯಸ್ಸಿನ ಒಬ್ಬ ಗಡಿಯಾರ ರಿಪೇರಿಯವನು ಖಾಲಿ ಮೇಜಿನ ಮುಂದೆ ಕೂತಿದ್ದ. ಬಂದ ಕಾರಣ ಹೇಳಿದೆ. ಅವನು ನಗಲಿಲ್ಲ.

"ಬೀಜದ ಮ್ಯಾಲ ಹಾಯಿಸಿದ್ರೇನು?" ಎಂದ.

"ಹೌದ್ರಿ."

"ನಾ ಆಗಿದ್ರೂ ಹಂಗ ಮಾಡ್ತಿದ್ದೆ," ಎಂದು ತನ್ನ ಕಣ್ಣಿಗಿಡುವ ಗಾಜನ್ನೇ ಒರೆಸಿ ಕೊಟ್ಟ. "ಒಯ್ಯಿರಿ. ನನ್ನ ಕಡೆ ಈಗ ಬರೇ ಶೆಲ್ ಹಾಕಿಸಿಕೊಳ್ಳಾಕ ಬರ್ತಾರ. ಕಾಲು ಹಚ್ಚಿದ ಮ್ಯಾಲ ಒಂದು ಫೋಟೋ ಮಾತ್ರ ತೋರಸ್ರಿ."

ಮೂರು ಊರು ಸುತ್ತಿ ಬಂದೆ. ಬಣ್ಣ ಬಂತು, ಅಂಟು ಬಂತು, ಚಿಮಟ ಬಂತು, ಗಾಜು ಬಂತು. ಮನೆಗೆ ಬಂದು ಕೈಚೀಲ ಬಿಚ್ಚಿದಾಗ ನೆನಪಾಯಿತು: ಕಾಲನ್ನೇ ತಂದಿಲ್ಲ! ವಿಮಾನದ ಕಾಲು ಯಾವ ಪೇಟೆಯಲ್ಲಿ ಸಿಗಬೇಕು? ಎರಡು ದಿನ ಯೋಚನೆ ಮಾಡಿದೆ. ಅಟ್ಟದ ಮೇಲೆ ನನ್ನ ಹಳೆಯ ಮಗ್ಗದ ಹಣಿಗೆ ಬಿದ್ದಿತ್ತು. ಸೀರೆಯ ಎಳೆಗಳನ್ನು ಸಾಲಾಗಿ ಹಿಡಿಯುವ ಉಕ್ಕಿನ ಬಾಚಣಿಗೆ ಅದು, ಅದರ ಒಂದೊಂದು ಹಲ್ಲೂ ಉಗುರಿನಷ್ಟು ತೆಳು. ಈಗ ಮಗ್ಗದ ಮೇಲೆ ಕೂರುವ ಈರಪ್ಪ, "ಅಪ್ಪಾ, ನನ್ನ ಹಣಿಗಿಗೆ ಕೈ ಹಚ್ಚಬ್ಯಾಡ್ರಿ ಮತ್ತ," ಎಂದು ಒಳಗಿನಿಂದಲೇ ಕೂಗಿದ. "ನಿಂದಲ್ಲೋ, ನಂದು," ಎಂದು ಒಂದು ಹಲ್ಲು ಕಿತ್ತುಕೊಂಡೆ.

ಇವತ್ತು ರವಿವಾರ. ಬೆಳಿಗ್ಗೆ ಅಕ್ಷತಾ ತಲೆ ಬಾಚಿಕೊಳ್ಳುತ್ತಿದ್ದಾಗ ಅವಳ ಮುಂದೆ ಟವಲು ಹಾಸಿ, ಬೀಗರಿಗೆ ಉಡುಗೊರೆ ತೋರಿಸುವ ಹಾಗೆ ಎಲ್ಲವನ್ನೂ ಸಾಲಾಗಿ ಇಟ್ಟೆ. ಅವಳು ಬಾಚಣಿಗೆ ಹಿಡಿದುಕೊಂಡೇ ಒಂದೊಂದನ್ನೂ ನೋಡಿದಳು.

"ಇದು ಗ್ವಾಡಿ ತಿಕ್ಕೋ ಕಾಗದ, ಅಜ್ಜಾ."

"ಹೌದಾ?"

"ಈ ಬಣ್ಣ ಬಾಗಿಲಕ್ಕ ಹಚ್ತಾರ."

"ನಮ್ಮ ಬಾಗಿಲಾನೂ ಹಳೇದ ಆಗೇತಿ," ಎಂದಳು ಶಂಕ್ರವ್ವ, ನನ್ನ ಪರವಾಗಿ.

ಗಾಜನ್ನು ಕಣ್ಣಿಗಿಟ್ಟುಕೊಂಡಳು. ಚಿಮಟದಿಂದ ನನ್ನ ವಲ್ಲಿಯ ಒಂದು ಎಳೆ ಎತ್ತಿ ನೋಡಿದಳು. ಆಮೇಲೆ ಆ ಉಕ್ಕಿನ ಚೂರು. "ಇದೇನು?"

"ಕಾಲು," ಎಂದೆ.

ಅವಳು ಆ ಚೂರನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಬಾಗಿಸಿ ನೋಡಿದಳು. ನನ್ನ ಕಡೆ ನೋಡಲೇ ಇಲ್ಲ. ಎದ್ದು ಹೋದಳು. ಮುಗಿಯಿತು ಎಂದುಕೊಂಡೆ. ಕುರ್ಚಿ ಎಳೆದ ಸಪ್ಪಳ ಕೇಳಿತು. ಕಪಾಟಿನ ಮೇಲಿಂದ ಡಬ್ಬಿ ಇಳಿಯಿತು!

ಹಲ್ಲನ್ನು ಅಳತೆಗೆ ಕತ್ತರಿಸಿದೆವು. ಗಾಲಿಯನ್ನು ಅವಳು ಅದಕ್ಕೆ ಕೂಡಿಸಿದಳು. ರೆಕ್ಕೆಯ ಕೆಳಗೆ ಕಾಲು ಹಚ್ಚುವಾಗ ಮಾತ್ರ ಅದು ನಿಲ್ಲಲೊಲ್ಲದು. ಅಂಟು ಹಾಕಿ ಹಿಡಿದರೆ ವಾಲುತ್ತದೆ, ಮತ್ತೆ ಹಿಡಿದರೆ ಬೀಳುತ್ತದೆ. ಮೂರನೇ ಸಲಕ್ಕೆ ಅವಳ ಮುಖ ಸಣ್ಣದಾಯಿತು. "ಆಗೂದಿಲ್ಲಜ್ಜಾ ಇದು," ಎನ್ನುವ ಹೊತ್ತಿಗೆ ನಾನು, "ತಾ ಇಲ್ಲೆ, ನಾ ಹಿಡೀತೀನಿ," ಎಂದೆ. ಮಗ್ಗದಲ್ಲಿ ಹಳೆಯ ಎಳೆಗೆ ಹೊಸ ಎಳೆ ಕೂಡಿಸುವಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯುತ್ತೇವೆ, ಎಳೆ ಜಾರಬಾರದೆಂದು. ನಲವತ್ತು ವರ್ಷದ ರೂಢಿ, ಏನನ್ನಾದರೂ ಕೂಡಿಸು ಎಂದರೆ ಕೈ ತಾನಾಗಿ ಮಗ್ಗದ ಪಕ್ಕದ ಬೂದಿಯ ಬಟ್ಟಲಿಗೆ ಹೋಗುತ್ತದೆ. ಹೋಯಿತು. ಅಕ್ಷತಾ ಅಂಟಿನ ಹನಿ ಬಿಟ್ಟಳು, ನಾನು ಬೂದಿ ಮೆತ್ತಿದ ಬೆರಳಿಂದ ಕಾಲು ಹಿಡಿದೆ.

"ಅಯ್ಯೋ ಅಜ್ಜಾ, ಬೂದಿ! ಮತ್ತ ಕೆಡಿಸಿದಿ!"

ಕೈ ತೆಗೆದೆ. ಬೂದಿ ಅಂಟಿನೊಳಗೆ ಬಿದ್ದು ಒಂದು ಎಳೆ ಹೊಗೆ ಎದ್ದಂತಾಯಿತು, ಮರುಕ್ಷಣ ಗಟ್ಟಿ ಕಲ್ಲು. ಅಕ್ಷತಾ ಬೆರಳ ತುದಿಯಿಂದ ಕಾಲನ್ನು ಅಲುಗಿಸಿದಳು. ಅಲುಗಲಿಲ್ಲ. ವಿಮಾನವನ್ನು ಮೆಲ್ಲಗೆ ಟವಲಿನ ಮೇಲಿಟ್ಟಳು, ಕೈ ಬಿಟ್ಟಳು. ನಿಂತಿತು. ಆಗ ನಾನು ಕೂಗಿದ್ದು.

"ಬೂದಿ ಹಾಕಿದ್ರ ಹತ್ತತೈತಂತ ನಿನಗ ಹ್ಯಾಂಗ ಗೊತ್ತಜ್ಜಾ?" ಎಂದು ಅವಳು ಕಣ್ಣರಳಿಸಿ ಕೇಳಿದಳು. ನನಗೇನು ಗೊತ್ತು? ಆದರೂ, "ಅದು ನಮ್ಮ ಕಸಬಿನ ವಿಷಯ," ಎಂದು ಮೀಸೆ ತಿರುವಿದೆ. ಫೋನಿನಲ್ಲಿ ನರಗುಂದಕ್ಕೆ ಫೋಟೋ ಹೋಯಿತು. ಗಡಿಯಾರದವನು ಮೂರು ಕೈಮುಗಿದ ಚಿತ್ರ ಕಳಿಸಿದ.

ಸಂಜೆ ರೇಣುಕಾ ಹೋಳಿಗೆ ಮಾಡಿದಳು. ಈರಪ್ಪ ಮಗ್ಗ ಬಿಟ್ಟು ಬೇಗ ಎದ್ದ. ಎಲ್ಲರೂ ಪಡಸಾಲೆಯಲ್ಲಿ ದುಂಡಗೆ ಕೂತೆವು, ತಟ್ಟೆಗಳಿಗೆ ತುಪ್ಪ ಬಿತ್ತು. ಅಕ್ಷತಾ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ಹೇಳಿದಳು, "ಮುಂದಿಂದು ಎರಡಂತಸ್ತಿನ ರೆಕ್ಕಿದು ಮಾಡೋಣಜ್ಜಾ. ಮಾವಗ ಹೇಳೀನಿ. ರೆಕ್ಕಿ ನಡುವ ದಾರ ಬಿಗೀಬೇಕು. ಅದು ನನಗ ಬರೂದಿಲ್ಲ, ನೀನ ಕಟ್ಟಬೇಕು."

ಮಾಡೋಣ ಎಂದಳು! ಕೈಯಲ್ಲಿದ್ದ ಹೋಳಿಗೆ ತಟ್ಟೆಗೆ ಇಟ್ಟೆ. "ಒಂದೇನು, ನೂರು ದಾರ ಕಟ್ತೀನಿ. ಎಂಥಾ ದಾರ ಬೇಕು ಹೇಳು," ಎಂದು ಕೇಳಿದೆ.

"ಅಂಗಡ್ಯಾಗ ಸಿಗೂದಿಲ್ಲ. ಭಾಳ ತೆಳ್ಳಗ, ಬೆಳ್ಳಗ, ಸ್ವಲ್ಪ ಬಿರುಸು ಇರಬೇಕು," ಎಂದು ಅವಳು ಉಣ್ಣುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡತೊಡಗಿದಳು. ಅವಳು ಏನು ನೋಡುತ್ತಿದ್ದಾಳೆಂದು ಮೊದಲು ಈರಪ್ಪನಿಗೆ ತಿಳಿಯಿತು, ಆಮೇಲೆ ರೇಣುಕಾಳಿಗೆ.

"ಕೊಡ್ರಿ ಕೊಡ್ರಿ," ಎಂದಳು ಶಂಕ್ರವ್ವ. "ಹೆಂಗೂ ಬರೇ ತಿರುವಾಕ ಇಟ್ಟೀರಿ ಅದನ್ನ."

ನಾನು ಎಡಗೈಯಿಂದ ಮೀಸೆ ಮುಚ್ಚಿಕೊಂಡು, ಬಲಗೈಯಿಂದ ಇನ್ನೊಂದು ಹೋಳಿಗೆ ಎಳೆದುಕೊಂಡೆ.