ಹಡಗಿನಲ್ಲಿ ಪಾದರಕ್ಷಾಹರಣ

ಹರಳೆಣ್ಣೆ ಕುಡಿದ ಹೊಸ ಚರ್ಮದ ವಾಸನೆಯೇ, ಮೊದಲ ವಂದನೆ ನಿನಗೆ. ನಾನು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಅಪ್ಪ ಹೊಸ ಚಪ್ಪಲಿಗೆ ಎಣ್ಣೆ ತಿಕ್ಕಿ ಬಿಸಿಲಿಗಿಟ್ಟಾಗ ಪಡಸಾಲೆಯ ತುಂಬ ಹರಡುತ್ತಿದ್ದವಳು ನೀನು. ಸರಸ್ವತಿಗೆ ದೊಡ್ಡ ಕವಿಗಳ ಕೆಲಸವೇ ಬೇಕಾದಷ್ಟಿದೆ. ಒಬ್ಬ ಮಹಾವೀರನ ಕಾಲಿನ ಕಥೆಗೆ ಅವಳನ್ನು ಎಬ್ಬಿಸುವುದು ಸರಿಯಲ್ಲ. ನೀನೇ ಬಂದು ನನ್ನ ನಾಲಗೆಯ ಮೇಲೆ ಕೂರು.

ದ್ವಾಪರವು ಮುಗಿದು, ಕಲಿಯು ತಳವೂರಿ, ಮನುಷ್ಯರು ದುಡ್ಡು ಕೊಟ್ಟು ನೀರಿನ ಮೇಲೆ ತೇಲಿ, ಹೊರಟಲ್ಲಿಗೇ ಮರಳಿ ಬಂದು, ಅದನ್ನು ಪ್ರವಾಸವೆಂದು ಕರೆಯತೊಡಗಿದ ಯುಗದಲ್ಲಿ, ರಕ್ತವರ್ಣ-ಮೆಣಸಿನಕಾಯಿ-ರಾಶಿ-ಮಧ್ಯ-ವಿರಾಜಮಾನನೂ, ಘಾಟುಧೂಳಿಗಂಜದ-ಅಚಲ-ನಾಸಿಕನೂ, ಧೋತರ-ರುಮಾಲು-ವಿಭೂಷಿತನೂ, ಆಜನ್ಮ-ಬೂಟುದ್ವೇಷಿಯೂ ಆದ ಮುರಿಗೆಪ್ಪನೆಂಬ ವರ್ತಕನು ಬ್ಯಾಡಗಿ ಪಟ್ಟಣವನ್ನು ಬೆಳಗುತ್ತಿದ್ದನು.

ಅವನ ಹೆಂಡತಿ ನೀಲವ್ವ. ನೀಲವ್ವನ ತಮ್ಮ ಸೋಮಲಿಂಗ. ಹಿಂದೊಮ್ಮೆ ಹಡಗು ಹತ್ತಿ ಇಳಿದಿದ್ದರಿಂದ ಈ ಸೋಮಲಿಂಗನು ಸಪ್ತಸಾಗರ-ಸಕಲಾಚಾರ-ಪಾರಂಗತನಾಗಿದ್ದನು. ಮೂವರೂ ಮುಂಬೈಯಿಂದ ಹಡಗು ಹತ್ತುವುದೆಂದು ನಿಶ್ಚಯವಾದ ದಿನ, ಅವನು ಅಕ್ಕನ ಮನೆಯ ಪಡಸಾಲೆಯಲ್ಲಿ ಕುಳಿತು ಉಪದೇಶವನ್ನಾರಂಭಿಸಿದನು.

"ಮಾಮಾ, ಹಗಲಿಗೆ ಹತ್ತಿ ಅರಿವಿ ಸಾಕು. ಒಳಗ ಎಸಿ ಭಾಳ ಥಂಡಿ, ಒಂದು ಸ್ವೆಟರ್ ಇರ್ಲಿ. ಮ್ಯಾಲ ಗಾಳಿಗೆ ಧೋತರ ಹಾರತೈತಿ, ಪ್ಯಾಂಟ್ ತಗೋರಿ. ಹಡಗು ತೂಗಿದ್ರ ಹೊಟ್ಟಿ ತೊಳಸತೈತಿ, ಗುಳಿಗಿ ಇಟಗೋರಿ. ಎರಡನೇ ರಾತ್ರಿ ದೊಡ್ಡ ಊಟ ಇರ್ತೈತಿ. ಅವತ್ತ ಬೂಟ ಬೇಕ. ಇಲ್ಲಂದ್ರ ಬಾಗಲದಾಗ ನಿಲ್ಲಸ್ತಾರ."

ಪ್ಯಾಂಟನ್ನು ಸಹಿಸಿದ ವೀರನು ಬೂಟಿಗೆ ಕೆರಳಿದನು. "ಈ ಕಾಲು ಎಪಿಎಂಸಿ ಚುನಾವಣಿ ಗೆದ್ದಾವು. ಮಂತ್ರಿ ಮುಂದ ಚಪ್ಪಲ್ಯಾಗ ನಿಂತಾವು. ಈಗ ಹಡಗಿನ ಅಡಗಿಯವನ ಮುಂದ ಬೂಟ ಹಾಕ್ಕೊಂಡು ನಿಲ್ಲಬೇಕೇನು? ಅದು ಕಾಲಿಗೆ ಜೇಲು ಐತಿ, ಜೇಲು."

ಆಗ ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

"ನಂದೊಂದು ಆಸೆ ಐತ್ರಿ," ಎಂದಳು ನೀಲವ್ವ. "ಲಗ್ನ ಆದಾಗಿಂದ ನಿಮಗ ನೀಡಿ, ಆಮ್ಯಾಲ ನಾ ಉಂಡೀನಿ. ಆ ದೊಡ್ಡ ಊಟಕ್ಕ ನೀಡವರು ಬ್ಯಾರೆದವರು ಇರ್ತಾರಂತ. ಒಮ್ಮೆರ ಇಬ್ಬರೂ ಎದರಾಬದರಾ ಕುಂತು ಉಣ್ಣೂಣು. ಬೂಟ ಹಾಕ್ಕೋರಿ."

ರೊಟ್ಟಿಯ ಸದ್ದು ಮತ್ತೆ ಶುರುವಾಯಿತು. ಯಾವ ಘಾಟಿಗೂ ಅಲುಗದ ಆ ಮೂಗು ಒಮ್ಮೆ ಅಲುಗಿತು. ಮರುದಿನ ಕರಿ ಬೂಟು ಮನೆಗೆ ಬಂತು.

ಹೀಗೆ ಸ್ವೆಟರೆಂಬ ಕವಚವನ್ನೂ, ಮಂಕಿ ಕ್ಯಾಪೆಂಬ ಶಿರಸ್ತ್ರಾಣವನ್ನೂ, ಹಿಮ್ಮಡಿಯನ್ನು ಕಚ್ಚುವ ಬೂಟುಗಳನ್ನೂ ಧರಿಸಿ ಮುರಿಗೆಪ್ಪನು ಗಗನಚುಂಬಿ-ನೌಕೆಯನ್ನೇರಿದನು. ಹಳೆಯ ಚಪ್ಪಲಿಗಳನ್ನು ನೀಲವ್ವ ಉಪಾಯವಾಗಿ ಬ್ಯಾಡಗಿಯಲ್ಲೇ ಬಿಟ್ಟು ಬಂದಿದ್ದಳು. ಹಡಗಿನ ಕೋಣೆಯು ಅವರ ಮನೆಯ ಬಚ್ಚಲಿನಷ್ಟಿತ್ತು. ಆದರೆ ಹಾಸಿಗೆ ಮೆತ್ತಗಿತ್ತು, ಗೋಡೆಗೊಂದು ಕಪಾಟಿತ್ತು, ಕಾಲಿಗೆಂದು ಬಿಳಿ ಬಟ್ಟೆಯ ಪುಕ್ಕಟೆ ಚಪ್ಪಲಿಗಳಿದ್ದವು. ಕೆಂಡದ ಮೇಲೆ ನಡೆದವನಂತೆ ಮೊದಲ ದಿನವನ್ನು ಕಳೆದ ವೀರನು, ಎರಡನೆಯ ಬೆಳಿಗ್ಗೆ ಆ ಬಿಳಿ ಚಪ್ಪಲಿಗಳನ್ನು ಮೆಟ್ಟಿ, "ಬೂಟ ರಾತ್ರಿಗೆ," ಎಂದು ಘೋಷಿಸಿ ಹೊರಟನು. ಬೂಟುಗಳನ್ನು ಎಲ್ಲಿ ಬಿಟ್ಟನು? ಬೇರೆಲ್ಲಿ ಬಿಟ್ಟಾನು? ತಾತ ಮುತ್ತಾತಂದಿರ ಕಾಲದಿಂದ ಮರ್ಯಾದಸ್ಥರು ಬಿಡುವ ಜಾಗದಲ್ಲಿ, ಬಾಗಿಲ ಹೊರಗೆ, ಜೋಡಿಸಿ ಬಿಟ್ಟನು.

ಸಂಜೆ ನೀಲವ್ವ ಇಳಕಲ್ ಸೀರೆಯುಟ್ಟು ಸಿದ್ಧಳಾದಳು. ಮುರಿಗೆಪ್ಪನು ಬಾಗಿಲು ತೆರೆದನು. ನುಣ್ಣನೆಯ ಕಾರ್ಪೆಟ್ಟು ಕಣ್ಣು ಹಾಯುವವರೆಗೂ ಹಾಸಿತ್ತು. ಅದರ ಮೇಲೆ ಬೂಟು ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಟೈ ಕಟ್ಟಿಕೊಳ್ಳುತ್ತ ಸೋಮಲಿಂಗನು ಹೊರಬಂದನು. ಪ್ರಳಯಕಾಲದ ರುದ್ರನಂತೆ ಮುರಿಗೆಪ್ಪನು ಅವನ ಮೇಲೆ ಬಿದ್ದನು.

"ಬೂಟ ಎಲ್ಲಿ ಇಟ್ಟಿ?"

"ನಾ ಯಾಕ ಇಡ್ಲಿ ಮಾಮಾ? ಎಲ್ಲಿ ಬಿಟ್ಟಿದ್ರಿ?"

"ಹೊರಗ."

"ಹೊರಗ ಯಾರರ ಬಿಡತಾರೇನ್ರಿ?"

"ಸ್ವೆಟರ್ ಅಂದಿ, ಗುಳಿಗಿ ಅಂದಿ, ಹೊರಗ ಬಿಡಬ್ಯಾಡ್ರಿ ಅಂತ ಯಾಕ ಅನಲಿಲ್ಲ?"

"ಉಸಿರಾಡ್ರಿ ಅಂತನೂ ಅಂದಿದ್ದಿಲ್ಲ. ಆಡಾಕತ್ತೀರಲ್ಲ."

ಇಂಥ ಬಾಣವನ್ನು ಯಾವ ಕ್ಷತ್ರಿಯನು ತಾಳಿಯಾನು? ವೀರನು ಟೈಯ ತುದಿಯನ್ನು ಹಿಡಿದು ಗರ್ಜಿಸಿದನು: "ಕೇಳು ಸೋಮಲಿಂಗ. ಈ ಸಮುದ್ರದ ನೀರೆಲ್ಲಾ ಬಸದು ಹುಡಕತೇನಿ. ಬೂಟ ನಿನ್ನ ಪೆಟ್ಟಿಗ್ಯಾಗ ಸಿಕ್ಕರ, ನಿನ್ನನ್ನೂ ಮೆಣಸಿನಕಾಯಿ ಜೋಡಿ ಒಣಾ ಹಾಕತೇನಿ."

"ಬಸೀರಿ. ಆದ್ರ ಟೈ ಬಿಡ್ರಿ, ಮಡಿಕಿ ಬೀಳತೈತಿ."

ಗದ್ದಲಕ್ಕೆ ಎದುರಿನ ಕೋಣೆಯ ಗುಜರಾತಿ ಅಜ್ಜಿ ಬಾಗಿಲು ತೆರೆದಳು. ಇಬ್ಬರನ್ನೂ ನೋಡಿ, ಒಳಗೆ ಹೋಗಿ ಬಂದು, ಇಬ್ಬರ ಕೈಗೂ ಒಂದೊಂದು ಪೆಪ್ಪರ್‌ಮಿಂಟು ಇಟ್ಟು ಬಾಗಿಲು ಮುಚ್ಚಿಕೊಂಡಳು. ಪೆಪ್ಪರ್‌ಮಿಂಟು ಬಾಯಲ್ಲಿರುವಾಗ ಶಪಥ ಮಾಡುವುದು ಕಷ್ಟ. ಯುದ್ಧವು ತಾನಾಗಿ ಸಡಿಲಿತು.

"ನಡೀರಿ, ಹೊತ್ತಾತು," ಎಂದಳು ನೀಲವ್ವ.

ಬಿಳಿ ಬಟ್ಟೆ ಚಪ್ಪಲಿಗಳಲ್ಲೇ ವೀರನು ಭೋಜನಶಾಲೆಯ ಮಹಾದ್ವಾರಕ್ಕೆ ನಡೆದನು. ಒಳಗೆ ದೀಪಗುಚ್ಛಗಳು, ಬಿಳಿ ಮೇಜುಬಟ್ಟೆಗಳು, ಹೂವು. ಕರಿ ಕೋಟಿನ ದ್ವಾರಪಾಲಕನು ಬಾಗಿ ನಮಸ್ಕರಿಸಿದನು. ಬಾಗಿದ್ದರಿಂದಲೇ ಅವನಿಗೆ ಚಪ್ಪಲಿ ಕಂಡಿತು. ಬಹಳ ನೊಂದ ಮುಖ ಮಾಡಿ, ಕ್ಷಮಿಸಿ, ಬೂಟು ಬೇಕು, ಮೇಡಂ ಒಳಗೆ ಬರಬಹುದು ಎಂದನು.

ಆಗ ಸೋಮಲಿಂಗನು ಅಲ್ಲೇ ಬಗ್ಗಿ ತನ್ನ ಬೂಟು ಬಿಚ್ಚಿದನು. "ಹಾಕ್ಕೋರಿ ಮಾಮಾ. ನನಗೇನ ಹಸಿವಿಲ್ಲ." ಮಧ್ಯಾಹ್ನದಿಂದ ಈ ಊಟಕ್ಕಾಗಿಯೇ ಹೊಟ್ಟೆ ಖಾಲಿ ಇಟ್ಟವನು ಅವನು. ಆದರೆ ಮುರಿಗೆಪ್ಪನ ವಿಶಾಲಪಾದವು ಅದರಲ್ಲಿ ಅರ್ಧ ಹೋಗಿ ನಿಂತಿತು. ಮೂವರೂ, ದ್ವಾರಪಾಲಕನೂ ಸೇರಿ, ಹೊರಗುಳಿದ ಹಿಮ್ಮಡಿಯನ್ನು ನೋಡಿದರು.

"ಅಕ್ಕಾ, ನೀನರ ಬಾ. ನನ್ನ ಜೋಡಿ ಕೂಡು."

"ನಿನ್ನ ಜೋಡಿ ಉಣ್ಣಾಕ ಹಡಗು ಯಾಕ ಹತ್ತಬೇಕಿತ್ತೊ ತಮ್ಮಾ? ನೀ ಹೋಗು, ಉಣ್ಣು," ಎಂದು ನೀಲವ್ವ ತಿರುಗಿ ನಡೆದಳು.

ಕೋಣೆಗೆ ಮರಳಿ ಇಬ್ಬರೂ ಬಹಳ ಹೊತ್ತು ಕಿಟಕಿಯಾಚೆಯ ಕತ್ತಲನ್ನು ನೋಡುತ್ತ ಕುಳಿತರು. ನೀಲವ್ವ ಎದ್ದು, ಶಾಲು ನೇತುಹಾಕಲೆಂದು ಗೋಡೆಯ ಕಪಾಟನ್ನು ಮೊದಲ ಸಲ ತೆರೆದಳು. ಒಳಗೆ ಕರಿ ಬೂಟುಗಳಿದ್ದವು. ಒರೆಸಿ, ಲೇಸು ಒಳಕ್ಕೆ ಸೇರಿಸಿ, ಜೋಡಿಸಿಟ್ಟಿದ್ದವು. ತೂಗುವ ಹಡಗಿನಲ್ಲಿ ಯಾರಾದರೂ ಎಡವಿ ಬಿದ್ದಾರೆಂದು, ಕೋಣೆ ಗುಡಿಸುವ ಹೆಂಗಸು ಬೆಳಿಗ್ಗೆಯೇ ಎತ್ತಿ ಒಳಗಿಟ್ಟು ಹೋಗಿದ್ದಳು.

"ಕಪಾಟ ತಗದೇ ಇಲ್ಲೇನ ನೀ?" ಎಂದನು ಸಮುದ್ರವನ್ನು ಬಸಿಯಲು ಹೊರಟಿದ್ದವನು.

"ಮಂದಿ ಕಪಾಟ ನಾ ಯಾಕ ತಗೀಲಿ?"

ಈ ಉತ್ತರದಲ್ಲಿ ದೋಷವಿರಲಿಲ್ಲ. ಮುರಿಗೆಪ್ಪನು ಮಂಚದ ಅಂಚಿಗೆ ಕುಳಿತು ಬೂಟುಗಳನ್ನು ಹಾಕಿಕೊಂಡನು. ಲೇಸು ಕಟ್ಟಲು ಬರದೆ ಗಂಟು ಹಾಕಿದನು. "ಇಲ್ಲೇ ಇರು," ಎಂದು ಹೊರಟನು.

ಮಹಾದ್ವಾರವು ಮುಚ್ಚಿತ್ತು. ಗಾಜಿನಾಚೆ ಬಿಳಿ ಬಟ್ಟೆಗಳನ್ನು ಮೇಜುಗಳಿಂದ ಎಳೆಯುತ್ತಿದ್ದರು. ಮೇಲಂತಸ್ತಿನಲ್ಲಿ ಮಾತ್ರ, ಯಾರು ಯಾವ ವೇಷದಲ್ಲಿ ಬಂದರೂ ಕೇಳದ ಒಂದು ಊಟದ ಕಟ್ಟೆ ತೆರೆದಿತ್ತು. ಅಲ್ಲಿ ಚಡ್ಡಿಯವರೂ ಒದ್ದೆ ತಲೆಯವರೂ ಸರದಿಯಲ್ಲಿದ್ದರು. ಹುಟ್ಟಿದಾಗಿನಿಂದ ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳದ ವೀರನು ಅವರ ಹಿಂದೆ ನಿಂತನು. ಏನು ಎಲ್ಲಿ ಹಾಕಬೇಕೆಂದು ತಿಳಿಯದೆ ಅನ್ನದ ಮೇಲೆ ಕೇಕನ್ನೂ, ಕೇಕಿಗೆ ಒರಗಿಸಿ ಉಪ್ಪಿನಕಾಯಿಯನ್ನೂ ಇಟ್ಟನು. ಎರಡು ತಟ್ಟೆಗಳಲ್ಲೂ ಹಾಗೆಯೇ ಇಟ್ಟನು.

ಕೋಣೆಯ ಬಾಗಿಲಿಗೆ ಬಂದಾಗ ಎರಡೂ ಕೈಯಲ್ಲಿ ತಟ್ಟೆ. ಬೂಟು ಬಿಚ್ಚುವಂತಿರಲಿಲ್ಲ. ಅವನು ಒಂದು ಕ್ಷಣ ನಿಂತನು. ಆಮೇಲೆ ಬೂಟುಗಾಲಿನಲ್ಲೇ ಒಳಗೆ ಬಂದನು. ಕಿಟಕಿಯ ಬಳಿಯ ಕುರ್ಚಿಯಲ್ಲಿದ್ದ ನೀಲವ್ವ ಏಳಲು ಹೋದಳು.

"ಏಳಬ್ಯಾಡ," ಎಂದು ಮುರಿಗೆಪ್ಪನು, ಅವಳೆದುರಿನ ಮಂಚದ ಮೇಲೆ ಕುಳಿತು, ಹೆಚ್ಚು ಅನ್ನವಿದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟನು.