ಕೆಳಬೈಲಿನ ಅಂಗಡಿಗೆ ಭೇಟಿ ನೀಡಿದ ಬಗ್ಗೆ ಹಾಜರಿ ಆ್ಯಪ್‌ಗೆ ಒಂದು ವಿವರಣೆ

ಮಾನ್ಯ ‘ಹೆಜ್ಜೆ’ ಆ್ಯಪ್ ಅವರ ಸನ್ನಿಧಿಗೆ,

ಹೊಸನಗರ ತಾಲ್ಲೂಕಿನ ಅಂಗಡಿ ಅಂಗಡಿಗೆ ಹೋಗಿ ತಮ್ಮ ಕಂಪನಿಯ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ, ಹಣ ಬಂತೆಂದು ಕೂಗಿ ಹೇಳುವ ಪೆಟ್ಟಿಗೆ ಕೂರಿಸಿ, ತಿಂಗಳಿಗೊಮ್ಮೆ ಆ ಪೆಟ್ಟಿಗೆಯ ಯೋಗಕ್ಷೇಮ ವಿಚಾರಿಸಿ ಬರುವ ಕ್ಷೇತ್ರ ಪ್ರತಿನಿಧಿ ಹೇಮಾವತಿ ಮಾಡುವ ನಮಸ್ಕಾರಗಳು. ತಾವು ನನ್ನ ಫೋನಿನಲ್ಲೇ ವಾಸವಿರುವುದರಿಂದ ತಮ್ಮ ಕ್ಷೇಮವನ್ನು ಪ್ರತ್ಯೇಕವಾಗಿ ಕೇಳುತ್ತಿಲ್ಲ. ಮೇಲಧಿಕಾರಿಗಳನ್ನು ಬಿಟ್ಟು ತಮಗೇ ಬರೆಯಲು ಕಾರಣವಿಷ್ಟೆ: ಈ ಮೂರು ವರ್ಷಗಳಲ್ಲಿ ನಾನು ಎಲ್ಲಿದ್ದೇನೆಂದು ದಿನವೂ ತಪ್ಪದೆ ಕೇಳಿದವರು ತಾವೊಬ್ಬರೇ.

ಕಳೆದ ಸೋಮವಾರ ಬೆಂಗಳೂರಿನ ಜಾಗೃತ ವಿಭಾಗದಿಂದ ನನಗೊಂದು ನೋಟಿಸು ಬಂದಿದೆ. ಹೋದ ತಿಂಗಳ ಹದಿನಾಲ್ಕನೇ ತಾರೀಕು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಮಾಣಿ ಅಣೆಕಟ್ಟೆಯ ಹಿನ್ನೀರಿನ ನಟ್ಟನಡುವೆ ನಿಂತು ಅಂಗಡಿ ಭೇಟಿಯನ್ನು ದಾಖಲಿಸಿದ್ದೇನೆಂದೂ, ನೀರಿನ ಮೇಲೆ ಅಂಗಡಿ ಇರಲು ಸಾಧ್ಯವಿಲ್ಲವಾದ್ದರಿಂದ ನಾನು ಸ್ಥಳವನ್ನು ಸುಳ್ಳು ತೋರಿಸುವ ಯಾವುದೋ ತಂತ್ರ ಬಳಸಿದ್ದೇನೆಂದೂ ಅದರಲ್ಲಿದೆ. ಜೊತೆಗಿರುವ ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ. ಹಾಕದಿದ್ದರೆ ಶುಕ್ರವಾರ ಸಂಜೆಯಿಂದ ಕೆಲಸವಿಲ್ಲ. ನೀರಿನ ಮೇಲೆ ನಿಂತವಳೆಂಬ ಗೌರವವನ್ನು ನಾನು ಒಪ್ಪಿಕೊಳ್ಳಲಾರೆ. ಆವತ್ತು ನಾನು ದೋಣಿಯಲ್ಲಿ ಕುಳಿತಿದ್ದೆ.

ವಿಷಯ ಹೀಗಿದೆ. ಮಾಸ್ತಿಕಟ್ಟೆಯಿಂದ ಒಳಗೆ, ಹಿನ್ನೀರಿನ ದಂಡೆಯ ಮೇಲೆ ಮಾಸ್ತಮ್ಮ ಎಂಬವರು ಕಿರಾಣಿ ಅಂಗಡಿ ಇಟ್ಟಿದ್ದಾರೆ. ಪೆಟ್ಟಿಗೆ ಕೊಡುವಾಗ ಅಂಗಡಿಯ ಕಾಗದ ಕೇಳಿದ್ದಕ್ಕೆ ಅವರು ಟ್ರಂಕಿನಿಂದ ತೆಗೆದುಕೊಟ್ಟದ್ದು ಮಾವನ ಕಾಲದ ಲೈಸೆನ್ಸು. ಅದರಲ್ಲಿದ್ದ ಊರು ಕೆಳಬೈಲು. ಅಣೆಕಟ್ಟೆ ಕಟ್ಟಿದಾಗ ಕೆಳಬೈಲು ಮುಳುಗಿತೆಂದು ನನಗೆ ಗೊತ್ತಿತ್ತು, ಆದರೂ ಕಾಗದ ಕಾಗದವೇ ಎಂದುಕೊಂಡು ಅದನ್ನೇ ಅಪ್‌ಲೋಡ್ ಮಾಡಿದೆ. ಈ ತಪ್ಪು ನನ್ನದು, ಇದಕ್ಕೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ. ಆದರೆ ಊರಿನವರೇ ಮರೆಯತೊಡಗಿದ್ದ ಕೆಳಬೈಲನ್ನು ಹೆಸರು ಕಂಡೊಡನೆ ನೀರಿನಡಿಯಿಂದ ಹುಡುಕಿ ತೆಗೆದು, ನಕ್ಷೆಯಲ್ಲಿ ಮಾಸ್ತಮ್ಮನವರ ಅಂಗಡಿಯ ಗುರುತನ್ನು ಅಲ್ಲೇ ನೆಟ್ಟ ತಮ್ಮ ಜ್ಞಾಪಕಶಕ್ತಿಯನ್ನು ಎಷ್ಟು ಕೊಂಡಾಡಿದರೂ ಸಾಲದು.

ಅಲ್ಲಿಂದ ಮುಂದೆ ಎರಡು ತಿಂಗಳು, ಮಾಸ್ತಮ್ಮನವರ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವರೇ ಕೊಟ್ಟ ಚಹಾ ಕುಡಿಯುತ್ತಿದ್ದ ನನಗೆ ತಾವು, ‘ನೀವು ಅಂಗಡಿಯಿಂದ 1,300 ಮೀಟರ್ ದೂರದಲ್ಲಿದ್ದೀರಿ, ದಯವಿಟ್ಟು ಅಂಗಡಿಗೆ ತೆರಳಿ’ ಎಂದು ವಿನಯದಿಂದ ತಿಳಿಸಿ, ಭೇಟಿ ಆಗಿಲ್ಲವೆಂದು ಕೆಂಪು ಮಾಡಿದಿರಿ. ಮೂರು ಕೆಂಪಾದರೆ ಮನೆಗೆ ಕಳಿಸುವುದು ಕಂಪನಿಯ ಪದ್ಧತಿ. ಗುರುತು ಸರಿಪಡಿಸಿರೆಂದು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಸಂತೋಷದ ಸುದ್ದಿ ಬಂತು. ಸಾಗರದಲ್ಲಿರುವ ನಮ್ಮ ಟೀಮ್ ಲೀಡರ್ ರವೀಶ್ ಅವರಿಗೆ ಫೋನ್ ಮಾಡಿದರೆ, “ಎಂತಾದ್ರೂ ಮಾಡಿ ಹಸಿರು ಮಾಡ್ಕಳಿ ಅಕ್ಕ, ಹ್ಯಾಂಗೆ ಅಂತ ನಾ ಕೇಳದಿಲ್ಲ” ಎಂದರು. ಅವರು ಮಾತಿಗೆ ತಪ್ಪಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಹಾಗಾಗಿ ಮೂರನೇ ತಿಂಗಳು, ಮೀನು ಹಿಡಿಯುವ ಜಟ್ಟಿಂಗಪ್ಪನವರ ದೋಣಿಯಲ್ಲಿ ತಮ್ಮ ಗುರುತಿನ ಜಾಗಕ್ಕೆ ಹೊರಟೆ. ಅಂಗಡಿಯವರ ಜೊತೆ ಸೆಲ್ಫಿ ಆಗಬೇಕು, ಪೆಟ್ಟಿಗೆಯೂ ಸ್ಥಳದಲ್ಲೇ ಕೂಗಬೇಕು ಎಂಬುದು ನಿಯಮವಾದ್ದರಿಂದ ಮಾಸ್ತಮ್ಮನವರನ್ನೂ ಕರೆದೆ. “ಫೋಟೊ ಅಂದ್ರೆ ಸೀರೆ ಬದಲಾಯ್ಸಬೇಕಲ್ಲೆ ಮಾರಾಯ್ತಿ” ಎಂದು ಅವರು ಒಳಗೆ ಹೋಗಿ, ಮದುವೆ ಮನೆಗೆ ಉಡುವ ಸೀರೆ ಉಟ್ಟು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. “ಹೇಮಕ್ಕ, ನಿಮ್ಮ ಕಂಪನಿ ಮೀನಿಗೂ ಸ್ಟಿಕ್ಕರ್ ಅಂಟಿಸ್ತದಾ?” ಎಂದು ಜಟ್ಟಿಂಗಪ್ಪ ದಾರಿಯುದ್ದಕ್ಕೂ ನಗೆಯಾಡಿದರು.

ಗುರುತಿನ ಜಾಗ ಮುಟ್ಟಿದೊಡನೆ ತಾವು ಹಸಿರಾಗಿ, ‘ಅಭಿನಂದನೆಗಳು, ನೀವು ಅಂಗಡಿಯಲ್ಲಿದ್ದೀರಿ’ ಎಂದಿರಿ. ಮಾಸ್ತಮ್ಮನವರು ನೀರಿನತ್ತ ಬಗ್ಗಿ ನೋಡಿ, “ಸುಳ್ಳಲ್ಲ ಅದು. ಮಾವನ ಅಂಗಡಿ ಇಲ್ಲೇ ಇತ್ತು. ನಾ ಮದುವೆಯಾಗಿ ಬಂದಾಗ ಮೊದ್ಲು ಕೂತಿದ್ದು ಅದರ ಜಗಲಿ ಮೇಲೇ” ಎಂದರು. ಪರೀಕ್ಷೆಗೆಂದು ಜಟ್ಟಿಂಗಪ್ಪ ಒಂದು ರೂಪಾಯಿ ಕಳಿಸಿದರು. ಬಯಲು ಜಾಗವಾದ್ದರಿಂದ ಅಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು. ‘ಒಂದು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಪೆಟ್ಟಿಗೆ ನೀರಿನ ಮೇಲೆಲ್ಲ ಕೇಳುವಂತೆ ಕೂಗಿತು. “ಇಷ್ಟು ವರ್ಷದ ಮೇಲೆ ಮಾವನ ಅಂಗಡೀಲಿ ಒಂದು ವ್ಯಾಪಾರ ಆತು ನೋಡು” ಎಂದರು ಮಾಸ್ತಮ್ಮ. ಆಗ ತೆಗೆದ ಸೆಲ್ಫಿಯನ್ನು ತಾವು ‘ನಗು ಸಾಲದು’ ಎಂದು ಎರಡು ಸಲ ತಿರಸ್ಕರಿಸಿದಿರಿ. ಮೂರನೆಯದರಲ್ಲಿ ನಾನೊಬ್ಬಳೇ ನಕ್ಕಿದ್ದೇನೆ.

ಈಗ ನನ್ನ ಕೋರಿಕೆ. ತಪ್ಪೊಪ್ಪಿಗೆಯಲ್ಲಿ ‘ಸದರಿ ಸ್ಥಳದಲ್ಲಿ ಯಾವುದೇ ಅಂಗಡಿ ಇರಲಿಲ್ಲ’ ಎಂಬ ವಾಕ್ಯವಿದೆ. ಆವತ್ತು ಆ ದೋಣಿಯಲ್ಲಿ ಮಾಸ್ತಮ್ಮನವರ ಪಕ್ಕ ಕುಳಿತಿದ್ದವಳು ಇದರ ಕೆಳಗೆ ಹೇಗೆ ಸಹಿ ಹಾಕಲಿ? ಸಹಿಯ ಜಾಗವನ್ನು ಖಾಲಿ ಬಿಟ್ಟು ವಾಪಸ್ ಕಳಿಸಿದ್ದೇನೆ. ಜಾಗೃತ ವಿಭಾಗಕ್ಕೆ ಖಾತ್ರಿ ಬೇಕಿದ್ದರೆ, ತಾವು ಮಾಣಿ ಅಣೆಕಟ್ಟೆಯವರಿಗೆ ಹೇಳಿ ಒಂದು ಮಧ್ಯಾಹ್ನದ ಮಟ್ಟಿಗೆ ನೀರಿಳಿಸಿರಿ. ಜಗಲಿ ಕಾಣುವಷ್ಟಾದರೆ ಸಾಕು. ಇನ್ನೊಂದು ವಿಷಯ: ಗುರುತನ್ನು ದಂಡೆಗೆ ತರಿಸುವ ಪ್ರಯತ್ನ ಮುಂದುವರಿಸಲೇ ಎಂದು ಕೇಳಿದ್ದಕ್ಕೆ ಮಾಸ್ತಮ್ಮನವರು, “ಬ್ಯಾಡ, ಅಲ್ಲೇ ಇರ್ಲಿ ಬಿಡು” ಎಂದಿದ್ದಾರೆ. ಆದ್ದರಿಂದ ನನ್ನ ನಾಲ್ಕೂ ದೂರುಗಳನ್ನು ಹಿಂಪಡೆಯುತ್ತಿದ್ದೇನೆ. ಅವು ಬಗೆಹರಿದಿವೆ ಎಂದು ತಾವು ಮೊದಲೇ ಹೇಳಿದ್ದು ಸರಿಯಾಗಿತ್ತು.

ಹಸಿರೋ ಕೆಂಪೋ, ಶುಕ್ರವಾರ ಸಂಜೆಯವರೆಗಂತೂ
ತಮ್ಮ ವಿಶ್ವಾಸಿ,
ಹೇಮಾವತಿ
ಹೊಸನಗರ

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ತಾವು, ‘ಕೆಳಬೈಲು ಅಂಗಡಿಯ ಈ ತಿಂಗಳ ಭೇಟಿ ಬಾಕಿ ಇದೆ, ಶನಿವಾರದೊಳಗೆ ಮುಗಿಸಿ’ ಎಂದು ನೆನಪಿಸಿದ್ದೀರಿ. ಶುಕ್ರವಾರ ನನ್ನನ್ನು ತೆಗೆದರೆ ಶನಿವಾರ ಜಾಗೃತ ವಿಭಾಗದವರೇ ಹೋಗಬೇಕಾದೀತು. ಜಟ್ಟಿಂಗಪ್ಪನವರಿಗೆ ಹೇಳಿಟ್ಟಿದ್ದೇನೆ. ಈಜು ಬರುವವರನ್ನೇ ಕಳಿಸಿ. ಸೆಲ್ಫಿಯಲ್ಲಿ ನಗುವುದನ್ನು ಮರೆಯಬಾರದೆಂದು ತಿಳಿಸಿ.